ಅಳಿಸಿದ ದಾಖಲೆಗಳ ಭಾರ

"ಅಳಿಸಿದ್ದೆಲ್ಲ ಹೊರಟುಹೋಗಿದೆ ಎಂದು ನಿಮಗೆ ಹೇಳಿದವರು ಯಾರು?"

ಮಂಗಳವಾರ ಮೇಡಂ ಕೇಳಿದ ಈ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ. ನಮ್ಮ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಅವರು ನಿವೃತ್ತರಾಗಿ ಎರಡು ವರ್ಷವಾಯಿತು. ತಿಂಗಳ ಕೊನೆಯ ದಾಸ್ತಾನು ವರದಿ ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಿಗ್ಗೆ ಐದಾದರೂ ಮುಗಿಯದ ಸ್ಥಿತಿ ಬಂದಾಗ ಒಂದು ದಿನದ ಮಟ್ಟಿಗೆ ಅವರನ್ನು ಕರೆಸಿದ್ದೆವು. ನಮ್ಮ ಐಬಿಎಂ ಕಂಪ್ಯೂಟರ್ ಎಎಸ್/400 ಮುದಿಯಾಯಿತು, ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ ಎಂದು ಮ್ಯಾನೇಜರ್ ಆಗಲೇ ತೀರ್ಮಾನಿಸಿದ್ದರು.

ನಾನು ಎರಡು ವಾರ, ದಾಖಲೆಗಳನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳ ಹಿಂದೆ ಬಿದ್ದಿದ್ದೆ. ಯಂತ್ರದ್ದೇ ಸಲಹಾ ಸಾಧನವಾದ ಇಂಡೆಕ್ಸ್ ಅಡ್ವೈಸರ್ ಸೂಚಿಸಿದ ಹದಿನಾಲ್ಕನ್ನೂ ಸೃಷ್ಟಿಸಿದ್ದೆ. ವರದಿ ಚುರುಕಾಗಲಿಲ್ಲ, ಹಗಲಿನ ಬಿಲ್ ನಮೂದು ಮಾತ್ರ ನಿಧಾನವಾಯಿತು. ಸೇರುವ ಒಂದೊಂದು ದಾಖಲೆಯನ್ನೂ ಯಂತ್ರ ಅಷ್ಟೂ ಇಂಡೆಕ್ಸ್‌ಗಳಲ್ಲಿ ಬರೆಯಬೇಕಲ್ಲ. ಮೇಡಂ ನನ್ನ ಪಟ್ಟಿಯನ್ನು ನೋಡಲೇ ಇಲ್ಲ. ಹಸಿರು ಪರದೆಯಲ್ಲಿ, ವರದಿ ಓದುವ ಫೈಲಿನ ವಿವರ ತೋರಿಸಲು ಡಿಎಸ್‌ಪಿಎಫ್‌ಡಿ ಎಂಬ ಆದೇಶ ಟೈಪಿಸಿ ಕೆಳಗಿಳಿದು, ಒಂದು ಸಾಲಿನ ಮೇಲೆ ಬೆರಳಿಟ್ಟರು. ಜೀವಂತ ದಾಖಲೆಗಳು ಸುಮಾರು 42 ಲಕ್ಷ. ಅಳಿಸಿದವು ಮೂರು ಕೋಟಿಗೂ ಹೆಚ್ಚು. "ಹಳೆಯ ವರ್ಷಗಳದ್ದನ್ನೆಲ್ಲ ಅಳಿಸಿಯಾಗಿದೆಯಲ್ಲ, ಮೇಡಂ" ಎಂದೆ. ಆಗ ಬಂದದ್ದೇ ಆ ಪ್ರಶ್ನೆ.

ಈ ಯಂತ್ರದಲ್ಲಿ ದಾಖಲೆಯನ್ನು ಅಳಿಸಿದರೆ ಅದರ ಮೇಲೆ ಅಳಿಸಿದ ಗುರುತು ಬೀಳುತ್ತದೆ, ಜಾಗ ಹಾಗೆಯೇ ಉಳಿಯುತ್ತದೆ. ಹೊಸ ವಿಧಾನವಾದ ಎಸ್‌ಕ್ಯೂಎಲ್‌ನಲ್ಲಿ ರಚಿಸಿದ ಟೇಬಲ್ ಆದರೆ ಆ ಜಾಗವನ್ನು ಹೊಸ ದಾಖಲೆಗೆ ಬಳಸಿಕೊಳ್ಳುತ್ತದೆ. ಡಿಡಿಎಸ್ ಎಂಬ ಹಳೆಯ ವಿಧಾನದಲ್ಲಿ ರಚಿಸಿದ, ನಮ್ಮದರಂಥ ಫೈಲಿಗೆ ನಾವೇ ಹೇಳದಿದ್ದರೆ ಅದು ಹೊಸದನ್ನೆಲ್ಲ ಕೊನೆಗೇ ಸೇರಿಸುತ್ತಾ ಹೋಗುತ್ತದೆ. ನಮ್ಮ ವರದಿ ಇಡೀ ಫೈಲನ್ನು ಓದುವಂಥದ್ದು. ಹಾಗಾಗಿ ಪ್ರತಿ ಬಾರಿಯೂ ಆ ಮೂರು ಕೋಟಿ ಖಾಲಿ ಜಾಗಗಳನ್ನು ದಾಟಿ ಬರುತ್ತಿತ್ತು. ಇದಕ್ಕೆ ಯಾವ ಇಂಡೆಕ್ಸ್ ಏನು ಮಾಡೀತು?

ಗುರುವಾರ ರಾತ್ರಿ ಬ್ಯಾಕಪ್ ತೆಗೆದು, ಎಲ್ಲರನ್ನೂ ವ್ಯವಸ್ಥೆಯಿಂದ ಹೊರಗೆ ಕಳುಹಿಸಿ, ಖಾಲಿ ಜಾಗಗಳನ್ನು ತೆಗೆದು ಫೈಲನ್ನು ಮರುಜೋಡಿಸುವ ಆರ್‌ಜಿಝಡ್‌ಪಿಎಫ್‌ಎಂ ಆದೇಶ ನಡೆಸಿದೆ. ಮರುಜೋಡಿಸಿದರೆ ಬದಲಾಗುವ, ಫೈಲಿನಲ್ಲಿ ದಾಖಲೆಯ ಸ್ಥಾನಸಂಖ್ಯೆಯನ್ನೇ ನಂಬಿದ ಆರ್‌ಪಿಜಿ ಭಾಷೆಯ ಪ್ರೋಗ್ರಾಮ್ ಇದೆಯೇ ಎಂದು ಮೊದಲು ಹುಡುಕಿಸಿದ್ದು ಮೇಡಂ; ಅದು ನನಗೆ ಹೊಳೆದಿರಲೇ ಇಲ್ಲ. ಬಳಕೆಯಾಗದ ಇಂಡೆಕ್ಸ್‌ಗಳನ್ನೂ ತೆಗೆದುಹಾಕಿದೆ. ಶುಕ್ರವಾರ ವರದಿ ಐವತ್ತು ನಿಮಿಷದಲ್ಲಿ ಮುಗಿಯಿತು.

ಮ್ಯಾನೇಜರ್ "ಇಷ್ಟೇನಾ?" ಎಂದರು. ಕೆಟ್ಟ ಮನುಷ್ಯರಲ್ಲ, ಆದರೆ ಆ ಮಾತು ನನಗೆ ಚುಚ್ಚಿತು. ಈ ಫೈಲನ್ನು ವರ್ಷಕ್ಕೊಮ್ಮೆ ಮರುಜೋಡಿಸಬೇಕೆಂದು ಮೇಡಂ ಹೊರಡುವಾಗ ಬರೆದುಕೊಟ್ಟ ಟಿಪ್ಪಣಿಯಲ್ಲೇ ಇತ್ತು. ರಾತ್ರಿಯ ಕೆಲಸಗಳನ್ನು ಕಡಿಮೆ ಮಾಡುವಾಗ ಅದನ್ನು ಕೈಬಿಟ್ಟವರು ನಾವು. ಎಎಸ್/400 ಬಂದದ್ದು 1988ರಲ್ಲಿ, ನಿಜ. ಹಳತು ಎಂದು ಒಮ್ಮೆ ಹೆಸರಿಟ್ಟ ಮೇಲೆ ಅದರೊಳಗೆ ಏನು ನಡೆಯುತ್ತಿದೆ ಎಂದು ನೋಡುವುದನ್ನೇ ಬಿಡುತ್ತೇವೆ. ಯಂತ್ರಕ್ಕೆ ಮಾಡಿದ್ದನ್ನೇ ಮೇಡಂ ಅವರಿಗೂ ಮಾಡಿದೆವು: ಎರಡು ವರ್ಷದಲ್ಲಿ ಯಾರೂ ಒಂದು ಫೋನು ಕೂಡ ಮಾಡಿರಲಿಲ್ಲ, ನಾನೂ ಸೇರಿ.

ಮಂಗಳವಾರ ಹೊರಡುವ ಮುನ್ನ ಅವರು ಇನ್ನೂ ಹದಿನೇಳು ಫೈಲುಗಳ ಹೆಸರನ್ನು ನೆನಪಿನಿಂದಲೇ ಬರೆದುಕೊಟ್ಟರು. ನಿನ್ನೆ ಮೂರನ್ನು ತೆರೆದು ನೋಡಿದೆ. ಮೂರರಲ್ಲೂ ಜೀವಂತ ದಾಖಲೆಗಳಿಗಿಂತ ಅಳಿಸಿದವೇ ಹೆಚ್ಚು.