ಅರ್ಧಕ್ಕೇ ಎದ್ದು ಬಂದ ಸಿನಿಮಾಗಳು

ಇಷ್ಟವಾಗದ ಸಿನಿಮಾದಿಂದ ನಾನು ಅರ್ಧಕ್ಕೇ ಎದ್ದು ಬರುತ್ತೇನೆ. ಇದನ್ನು ಹೇಳಿದಾಗಲೆಲ್ಲ, ಮಾತಿನ ಮಧ್ಯೆ ಎದ್ದು ಹೋದವರನ್ನು ನೋಡುವ ಹಾಗೆ ನೋಡುತ್ತಾರೆ. "ದುಡ್ಡು ಕೊಟ್ಟಿರ್ತೀವಲ್ಲ?" ಅನ್ನುವುದು ಮೊದಲ ಪ್ರಶ್ನೆ. ಕೊಟ್ಟಿರ್ತೀವಿ, ನಿಜ. ಆದರೆ ಕೊನೆತನಕ ಕೂತರೆ ಆ ದುಡ್ಡೇನು ವಾಪಸ್ ಬರುತ್ತಾ? ಅದು ಟಿಕೆಟ್ ತಗೊಂಡಾಗಲೇ ಹೋಗಿದೆ. ಕೈಯಲ್ಲಿ ಇನ್ನೂ ಉಳಿದಿರುವುದು ಮುಂದಿನ ಒಂದೂವರೆ ಗಂಟೆ ಮಾತ್ರ.

ಇದು ಶುರುವಾಗಿದ್ದು ಅಕ್ಕನ ಜೊತೆ ಹೋದ ಒಂದು ಸಿನಿಮಾದಿಂದ. ಎರಡೂವರೆ ಗಂಟೆಯದು. ಅರ್ಧ ಗಂಟೆಯಾಗುವಷ್ಟರಲ್ಲಿ ನನಗೆ ಸಾಕಾಗಿತ್ತು. ಪಾತ್ರಗಳು ಬರುತ್ತವೆ, ಜೋರಾಗಿ ಮಾತಾಡುತ್ತವೆ, ಹೋಗುತ್ತವೆ, ಯಾರಿಗೆ ಏನು ಬೇಕು ಅಂತಲೇ ಗೊತ್ತಾಗುವುದಿಲ್ಲ. ಪಕ್ಕಕ್ಕೆ ತಿರುಗಿದರೆ ಅಕ್ಕ ಪರದೆಯನ್ನೇ ನೋಡುತ್ತಿದ್ದಾಳೆ. ಅವಳಿಗೆ ಹಿಡಿಸಿದೆ, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಕೂತೆ. ಎರಡು ಗಂಟೆ. ಕೊನೆಗೆ ಮೆಟ್ಟಿಲು ಇಳಿಯುವಾಗ "ನಿಂಗೆ ಇಷ್ಟ ಆಯ್ತಲ್ಲ, ಅದೇ ಖುಷಿ" ಅಂದೆ. ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. "ನಂಗಾ? ನೀನು ನೋಡ್ತಾ ಇದೀಯಲ್ಲ ಅಂತ ಕೂತಿದ್ದೆ ಕಣೋ!"

ಇದಕ್ಕೊಂದು ಹೆಸರೇ ಇದೆ ಅಂತ ಆಮೇಲೆ ಗೊತ್ತಾಯಿತು. ಜೆರ್ರಿ ಹಾರ್ವಿ ಅನ್ನುವ ಮ್ಯಾನೇಜ್‌ಮೆಂಟ್ ಪ್ರೊಫೆಸರ್ 1974ರಲ್ಲಿ ಬರೆದಿದ್ದು, 'ಅಬಿಲೀನ್ ಪ್ಯಾರಡಾಕ್ಸ್'. ಟೆಕ್ಸಾಸ್‌ನ ಸುಡು ಬಿಸಿಲಲ್ಲಿ, ಏಸಿ ಇಲ್ಲದ ಕಾರಿನಲ್ಲಿ, ಒಂದು ಮನೆಯವರೆಲ್ಲ 53 ಮೈಲಿ ದೂರದ ಅಬಿಲೀನ್‌ಗೆ ಊಟಕ್ಕೆ ಹೋಗಿ ಬರುತ್ತಾರೆ. ವಾಪಸ್ ಬಂದು ಕೂತ ಮೇಲೆ ನೋಡಿದರೆ ಹೋಗಬೇಕು ಅಂತ ಒಬ್ಬರಿಗೂ ಇರಲಿಲ್ಲ. ಉಳಿದವರಿಗೆ ಇಷ್ಟ ಇದೆ ಅಂತ ಪ್ರತಿಯೊಬ್ಬರೂ ಅಂದುಕೊಂಡು ಹೊರಟವರು. ನಾನೂ ಅಕ್ಕನೂ ಆ ದಿನ ಕೂತಲ್ಲೇ ಅಬಿಲೀನ್‌ಗೆ ಹೋಗಿ ಬಂದಿದ್ದೆವು. ಒಬ್ಬರ ಮೇಲೊಬ್ಬರಿಗೆ ಇರುವ ಪ್ರೀತಿಯೇ ಇಬ್ಬರನ್ನೂ ಕಟ್ಟಿಹಾಕಿತ್ತಲ್ಲ, ಅದು ನನ್ನನ್ನು ಬಹಳ ದಿನ ಕಾಡಿತು.

ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಸನ್ನೆ ಇದೆ. ಸೀಟಿನ ಕೈ ಮೇಲೆ ಬೆರಳಿಂದ ಎರಡು ಸಲ ತಟ್ಟಿದರೆ 'ನಂಗೆ ಸಾಕು' ಅಂತ. ಇನ್ನೊಬ್ಬರೂ ತಟ್ಟಿದರೆ ಎದ್ದೆವು ಅಂತಲೇ ಲೆಕ್ಕ.

ದುಡ್ಡಿನ ಮಾತಿಗೆ ವಾಪಸ್ ಬರುತ್ತೇನೆ, ಯಾಕೆಂದರೆ ಜಾಸ್ತಿ ಜನರನ್ನು ಸೀಟಿಗೆ ಅಂಟಿಸುವುದು ಅದೇ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನುವ ಸಂಶೋಧಕರು ಒಂದು ಪ್ರಯೋಗದ ಬಗ್ಗೆ ಬರೆದರು. ಅಮೆರಿಕದ ಓಹಾಯೋ ಯೂನಿವರ್ಸಿಟಿಯ ನಾಟಕಗಳಿಗೆ ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ಕಡಿಮೆ ಬೆಲೆಗೆ ಟಿಕೆಟ್ ಕೊಟ್ಟರು. ಯಾರಿಗೆ ಯಾವ ಬೆಲೆ ಅನ್ನುವುದನ್ನು ಅದೃಷ್ಟಕ್ಕೆ ಬಿಟ್ಟಿದ್ದರು. ನಾಟಕ ಅವವೇ, ಕೊಳ್ಳುವ ಆಸೆಯೂ ಎಲ್ಲರಿಗೂ ಒಂದೇ ಥರ. ಆದರೂ ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರು ಉಳಿದವರಿಗಿಂತ ಜಾಸ್ತಿ ನಾಟಕಗಳಿಗೆ ಹೋದರು. ಅವರನ್ನು ಎಳೆದುಕೊಂಡು ಹೋಗಿದ್ದು ನಾಟಕ ಅಲ್ಲ, ಜೇಬಿನಿಂದ ಆಗಲೇ ಹೋಗಿದ್ದ ದುಡ್ಡು. ಹೀಗೆ ಹೋದ ದುಡ್ಡಿನ ಹಿಂದೆ ನಾವು ಹೊತ್ತನ್ನೂ ಕಳಿಸುತ್ತೇವೆ.

ಇನ್ನು ಎರಡನೇ ಪ್ರಶ್ನೆ: "ಮಾಡಿದವರಿಗೆ ಅವಮಾನ ಅಲ್ವಾ?" ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೂರಾರು ಜನ ದುಡಿದಿರುತ್ತಾರೆ. ಆದರೆ ಮೊದಲಿಂದ ಕೊನೆತನಕ ಕೂತು ನೋಡುವುದು ಸಿನಿಮಾದ ಜೊತೆ ಹುಟ್ಟಿದ ನಿಯಮ ಏನಲ್ಲ. ಅಮೆರಿಕದ ಥಿಯೇಟರ್‌ಗಳಲ್ಲಿ ಮೊದಲೆಲ್ಲ ಶೋ ಒಂದರ ಹಿಂದೆ ಒಂದು ಬಿಡುವಿಲ್ಲದೆ ನಡೆಯುತ್ತಿತ್ತು, ಜನ ಮಧ್ಯದಲ್ಲಿ ಬಂದು ಕೂತು, ತಾವು ಬಂದ ಜಾಗ ಮತ್ತೆ ಪರದೆ ಮೇಲೆ ಬಂದಾಗ ಎದ್ದು ಹೋಗುತ್ತಿದ್ದರು. 1960ರಲ್ಲಿ ನಿರ್ದೇಶಕ ಹಿಚ್‌ಕಾಕ್ 'ಸೈಕೋ' ಬಿಡುಗಡೆ ಮಾಡುವಾಗ, ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಥಿಯೇಟರ್‌ಗಳಿಗೆ ಷರತ್ತು ಹಾಕಬೇಕಾಯಿತು. ಪೋಸ್ಟರ್ ಮೇಲಿನ ನಾಯಕಿ ಅರ್ಧಕ್ಕೂ ಮೊದಲೇ ಸಾಯುತ್ತಾಳೆ, ತಡವಾಗಿ ಬಂದವರು ಅವಳು ಎಲ್ಲಿ ಅಂತ ಕಾಯುತ್ತಾ ಕೂರುತ್ತಾರೆ ಅನ್ನುವ ಚಿಂತೆ ಅವರಿಗೆ. ಫ್ರಾನ್ಸಿನ ಕವಿ ಆಂದ್ರೆ ಬ್ರೆತೋನ್ ಅಂತೂ ಮೊದಲ ಮಹಾಯುದ್ಧದ ದಿನಗಳಲ್ಲಿ ನಾಂತ್ ಪಟ್ಟಣದಲ್ಲಿ ತನ್ನ ಗೆಳೆಯನ ಜೊತೆ, ಏನು ನಡೀತಿದೆ ಅಂತಲೂ ನೋಡದೆ ಒಂದು ಥಿಯೇಟರ್‌ಗೆ ನುಗ್ಗಿ, ಬೇಜಾರು ಶುರುವಾದ ಕೂಡಲೇ ಎದ್ದು, ಇನ್ನೊಂದಕ್ಕೆ ಓಡುತ್ತಿದ್ದನಂತೆ. ನಾನು ಅಷ್ಟು ಮಾಡುವುದಿಲ್ಲ. ಆದರೆ ಆ ಇಬ್ಬರಿಗೂ ಸಿನಿಮಾ ಮೇಲೆ ಪ್ರೀತಿ ಕಡಿಮೆ ಇತ್ತು ಅಂತ ಯಾರು ಹೇಳುತ್ತಾರೆ?

ನನಗೆ ಅವಮಾನ ಅನ್ನಿಸುವುದು ಬೇರೆ. ಅರ್ಧ ನೋಡಿ ಬಂದು ಪೂರ್ತಿ ನೋಡಿದವರ ಹಾಗೆ ತೀರ್ಪು ಕೊಡುವುದು. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 'ಕ್ಯಾಲಿಗುಲಾ' ಸಿನಿಮಾದ ವಿಮರ್ಶೆಯಲ್ಲಿ, 170 ನಿಮಿಷದ ಸಿನಿಮಾದಿಂದ ತಾನು ಎರಡು ಗಂಟೆ ನೋಡಿ ಎದ್ದು ಬಂದೆ ಅಂತ ಬರೆದೇಬಿಟ್ಟರು. ಅದು ಸರಿ. ನಾನೂ ಯಾರಾದರೂ ಕೇಳಿದರೆ "ನಲವತ್ತು ನಿಮಿಷ ನೋಡಿದೆ, ಅಷ್ಟಕ್ಕೆ ಹೀಗನ್ನಿಸಿತು" ಅನ್ನುತ್ತೇನೆ, ಕೊನೆ ಹೇಗಿದೆ ಅಂತ ಹೇಳುವ ಹಕ್ಕು ನನಗಿಲ್ಲ.

ಎದ್ದು ಬರುವುದರಲ್ಲೂ ಎರಡು ಥರ ಇದೆ. ಒಂದು ಬೇಜಾರಿನದು. ಅದಕ್ಕೆ ನನ್ನ ಪರೀಕ್ಷೆ ಸರಳ: ಈಗ ಬಾತ್‌ರೂಮಿಗೆ ಹೋಗಿ ಬಂದರೆ 'ಏನಾಯ್ತು?' ಅಂತ ಪಕ್ಕದವರನ್ನು ಕೇಳುತ್ತೀನಾ? ಕೇಳಲ್ಲ ಅಂತಾದರೆ ವಾಪಸ್ ಬರುವುದೇ ಬೇಡ.

ಇನ್ನೊಂದು ಬೇಜಾರಿನದಲ್ಲ. ಒಮ್ಮೆ ಒಂದು ಕಾಮಿಡಿ ಸಿನಿಮಾದಲ್ಲಿ, ಕೆಲಸದಾಕೆಯ ಪಾತ್ರ ಮಾಡಿದ ವಯಸ್ಸಾದ ನಟಿಯನ್ನು ಕೆಳಗೆ ಬೀಳಿಸಿ, ಅವಳ ಸೀರೆ ಅಸ್ತವ್ಯಸ್ತವಾಗಿದ್ದನ್ನೇ ತಮಾಷೆ ಮಾಡಿದರು. ಕ್ಯಾಮೆರಾ ಅಲ್ಲೇ ನಿಂತಿತು. ಎದ್ದೇಳಲು ಹೋಗಿ ಆಕೆ ಮತ್ತೆ ಬಿದ್ದಳು. ಆಕೆಯ ಒಂದು ಕೈ ನೆಲವನ್ನು ತಡಕುತ್ತಿತ್ತು, ಇನ್ನೊಂದು ಸೆರಗನ್ನು ಹಿಡಿದುಕೊಂಡಿತ್ತು. ಸುತ್ತ ನಗು. ನನಗೆ ಆ ಕೈ ಮಾತ್ರ ಕಂಡಿತು, ನಟನೆಯಲ್ಲೂ ಸೆರಗು ಬಿಡದ ಕೈ. ನಾನು ಎದ್ದೆ. ಸೀಟು ಟಪ್ ಅಂತ ಮಡಚಿಕೊಂಡಿತು, ಐದು ಜನರ ಮೊಣಕಾಲು ದಾಟಬೇಕಿತ್ತು, ಒಬ್ಬರು ಕಾಲು ಮಡಚಲೇ ಇಲ್ಲ. ಆ ಕತ್ತಲಲ್ಲಿ 'ಸಾರಿ, ಸಾರಿ' ಅನ್ನುತ್ತಾ ಬಾಗಿಕೊಂಡು ದಾಟುವುದು ಎಷ್ಟು ಕಷ್ಟ ಅಂದರೆ, ಬಹಳ ಜನ ಇದಕ್ಕೇ ಹೆದರಿ ಕೂತಿರುತ್ತಾರೆ ಅಂತ ಕಾಣುತ್ತದೆ. ಹೊರಗೆ ಬಂದಾಗ ಮುಖಕ್ಕೆ ಬಿಸಿಲು ಹೊಡೆಯಿತು. ಕೈ ನಡುಗುತ್ತಿತ್ತು. ಆದರೆ ಅಲ್ಲಿ ಸುಮ್ಮನೆ ಕೂತಿದ್ದರೆ ಆ ನಗುವಿನಲ್ಲಿ ನನ್ನದೂ ಪಾಲಿರುತ್ತಿತ್ತು.

ತಪ್ಪೂ ಆಗಿದೆ. ನಿಧಾನದ ಒಂದು ಸಿನಿಮಾ, ಮಾತೇ ಇಲ್ಲ, ಅರ್ಧ ಗಂಟೆಗೆ ಎದ್ದು ಬಂದೆ. ಮೂರು ವರ್ಷದ ಮೇಲೆ ಅದನ್ನೇ ಒಂದು ರಾತ್ರಿ ಮನೆಯಲ್ಲಿ ಹಾಕಿಕೊಂಡು ಕೂತವನು ಕೊನೆತನಕ ಅಲ್ಲಾಡಲಿಲ್ಲ. ಹಿಂದಿನ ಸಲ ನಾನು ಎರಡು ರಾತ್ರಿ ನಿದ್ದೆಗೆಟ್ಟು ಹೋಗಿದ್ದೆ, ಸಿನಿಮಾದಲ್ಲಿ ಏನೂ ದೋಷ ಇರಲಿಲ್ಲ. 1960ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿಯ 'ಲಾವೆಂಚುರಾ'ಗೂ ಜನ ಕೂಗಾಡಿ ಗೇಲಿ ಮಾಡಿದ್ದರು, ಅದೇ ಉತ್ಸವದಲ್ಲಿ ಅದಕ್ಕೆ ಜ್ಯೂರಿ ಪ್ರಶಸ್ತಿ ಬಂತು. ಹಾಗಂತ ನಾನು ಅವತ್ತು ಎದ್ದು ಬಂದಿದ್ದಕ್ಕೆ ಬೇಸರ ಇಲ್ಲ. ನಿದ್ದೆಗಣ್ಣಲ್ಲಿ ಪೂರ್ತಿ ನೋಡಿ 'ಕೆಟ್ಟ ಸಿನಿಮಾ' ಅಂತ ಮುಗಿಸಿಬಿಟ್ಟಿದ್ದರೆ ಮತ್ತೆ ಅದರ ಹತ್ತಿರ ಹೋಗುತ್ತಲೇ ಇರಲಿಲ್ಲ. ಈಗ ಸಿನಿಮಾ ನಿಧಾನ ಅನ್ನಿಸಿದರೆ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ, ದಣಿದಿದ್ದೀನಾ ಅಂತ.

ಅಕ್ಕ ಈಗಲೂ ಜೊತೆಗೆ ಬರುತ್ತಾಳೆ. ಟಿಕೆಟ್ ತಗೊಳ್ಳುವಾಗ ಸಾಲಿನ ತುದಿಯ ಎರಡು ಸೀಟು ನೋಡುತ್ತೇವೆ, ಯಾರ ಮೊಣಕಾಲೂ ದಾಟಬೇಕಿಲ್ಲ. ಹೋದ ವಾರದ ಸಿನಿಮಾದಲ್ಲಿ ಮುಕ್ಕಾಲು ಗಂಟೆಗೆ ನಾನು ಎರಡು ಸಲ ತಟ್ಟಿದೆ. ಅವಳು ತಟ್ಟಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಟು, "ಇನ್ನೊಂದು ಹತ್ತು ನಿಮಿಷ ಇರೋ" ಅಂದಳು. ಕೂತೆ. ಈ ಸಲ ಅವಳಿಗೆ ನಿಜವಾಗಲೂ ಇಷ್ಟವಾಗುತ್ತಿದೆ ಅಂತ ನನಗೆ ಗೊತ್ತಿತ್ತು.