ಪ್ಯಾರಿಸ್ 2024: ಕಟ್ಟದೆ ಬಿಟ್ಟ ಕ್ರೀಡಾಂಗಣಗಳ ಲೆಕ್ಕ

ಒಲಿಂಪಿಕ್ಸ್‌ನಂಥ ಮಹಾಕೂಟ ಪರಿಸರಕ್ಕೆ ಎಷ್ಟು ಹೊರೆಯಾಗುತ್ತದೆ ಎಂಬುದು ಬಹುಮಟ್ಟಿಗೆ ಕ್ರೀಡಾಜ್ಯೋತಿ ಬೆಳಗುವುದಕ್ಕೆ ಆರೇಳು ವರ್ಷ ಮೊದಲೇ, ಏನನ್ನು ಕಟ್ಟಬೇಕು, ಏನನ್ನು ಕಟ್ಟಬಾರದು ಎಂದು ಚರ್ಚಿಸುವ ಸಭೆಗಳಲ್ಲಿ ತೀರ್ಮಾನವಾಗಿರುತ್ತದೆ. ಕೂಟ ನಡೆಯುವ ಎರಡು ವಾರಗಳಲ್ಲಿ ನಮ್ಮ ಕಣ್ಣಿಗೆ ಬೀಳುವ ರಟ್ಟಿನ ಮಂಚಗಳು, ಮರುಬಳಕೆಯ ಲೋಟಗಳು, ಬಣ್ಣಬಣ್ಣದ ಕಸದ ಡಬ್ಬಿಗಳು ಆ ಲೆಕ್ಕದ ಕೊನೆಯ ಕೆಲವು ಸಾಲುಗಳು ಮಾತ್ರ. ಕಟ್ಟಡಗಳ ನೀರು ಮತ್ತು ತಂಪಿನ ವ್ಯವಸ್ಥೆಗಳನ್ನು ವಿನ್ಯಾಸಗೊಳಿಸುವುದು ನನ್ನ ಕಸುಬು. ಹಾಗಾಗಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಯೋಜನೆಯನ್ನು ಪದಕಪಟ್ಟಿಗಿಂತ ಹೆಚ್ಚು ಶ್ರದ್ಧೆಯಿಂದ ಗಮನಿಸಿದ್ದೆ. ಅದರಲ್ಲಿ ಮೆಚ್ಚಬೇಕಾದದ್ದೂ ಇತ್ತು, ಮುಗ್ಗರಿಸಿದ್ದೂ ಇತ್ತು.

ಮೆಚ್ಚಬೇಕಾದ ಮೊದಲ ಸಂಗತಿಯೆಂದರೆ ಲೆಕ್ಕ ಹಾಕಿದ ಕ್ರಮ. ಬಹಳಷ್ಟು ಕೂಟಗಳು ಮದುವೆ ಮುಗಿದ ಮೇಲೆ ಖರ್ಚಿನ ಚೀಟಿಗಳನ್ನು ಕೂಡಲು ಕುಳಿತ ಮನೆಯವರಂತೆ, ಎಲ್ಲ ಮುಗಿದ ನಂತರ ಇಂಗಾಲದ ಪ್ರಮಾಣವನ್ನು ಎಣಿಸಿ ಪ್ರಕಟಿಸುತ್ತಿದ್ದವು. 2012ರ ಲಂಡನ್ ಕೂಟ ಮುಂಚಿತವಾಗಿಯೇ ಅಂದಾಜು ಮಾಡುವ ಪದ್ಧತಿಯನ್ನು ಗಟ್ಟಿಗೊಳಿಸಿತು; ಸಮಾರಂಭಗಳ ಸುಸ್ಥಿರ ನಿರ್ವಹಣೆಗಾಗಿ ಐಎಸ್‌ಒ 20121 ಎಂಬ ಮಾನದಂಡ ಜಾರಿಗೆ ಬಂದದ್ದೂ ಅದೇ ವರ್ಷ. ಪ್ಯಾರಿಸ್ ಅಂದಾಜಿಗೆ ತೃಪ್ತವಾಗದೆ ಒಂದು ಮಿತಿಯನ್ನೇ ಹಾಕಿಕೊಂಡಿತು. ಲಂಡನ್ ಮತ್ತು ರಿಯೊ ಕೂಟಗಳ ಸರಾಸರಿ ಸುಮಾರು 35 ಲಕ್ಷ ಟನ್ ಇಂಗಾಲವಾಗಿದ್ದರೆ, ತಾನು ಅದರ ಅರ್ಧದೊಳಗೆ ಮುಗಿಸುತ್ತೇನೆ ಎಂದು ಘೋಷಿಸಿ, ಆ ಮೊತ್ತವನ್ನು ಕಟ್ಟಡ, ಪ್ರಯಾಣ, ನಿರ್ವಹಣೆ ಎಂದು ಹಂಚಿಕೊಟ್ಟಿತು. ಹೀಗೆ ಹಂಚಿದಾಗ ಪ್ರತಿಯೊಂದು ವಿಭಾಗವೂ ತನ್ನ ಬೇಡಿಕೆಯನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಎಂಟು ಲಕ್ಷ ಪೀಠೋಪಕರಣಗಳು ಬೇಕೆಂದಿದ್ದ ಮೊದಲ ಪಟ್ಟಿ ಆರು ಲಕ್ಷಕ್ಕೆ ಇಳಿದದ್ದು ಇಂಥ ಪರಿಶೀಲನೆಯಿಂದಲೇ. ಮೇಜು ಕುರ್ಚಿಗಳ ಪಟ್ಟಿಯಲ್ಲಿ ರೋಚಕವಾದದ್ದೇನೂ ಇಲ್ಲ, ಆದರೆ ಉಳಿತಾಯ ಆಗುವುದು ಇಂಥ ಪಟ್ಟಿಗಳಲ್ಲಿಯೇ.

ಸ್ಪರ್ಧಾಸ್ಥಳಗಳಲ್ಲಿ ಶೇ. 95ರಷ್ಟು ಈಗಾಗಲೇ ಇದ್ದವು ಅಥವಾ ತಾತ್ಕಾಲಿಕವಾದವು. ಶಾಶ್ವತವಾಗಿ ಕಟ್ಟಿದ ಕೆಲವೇ ಸ್ಥಳಗಳಲ್ಲಿ ಮುಖ್ಯವಾದದ್ದು ಸೇಂಟ್ ಡೆನಿಸ್‌ನ ಜಲಕ್ರೀಡಾ ಕೇಂದ್ರ. ಅದರ ಮರದ ಛಾವಣಿ ಮಧ್ಯಭಾಗದಲ್ಲಿ ಕೆಳಕ್ಕೆ ಜೋತು ಬಿದ್ದಂತೆ ಬಾಗಿದೆ. ನೋಡಲು ಸೊಗಸಾಗಿರುವ ಈ ಬಾಗಿಗೆ ಒಂದು ಲೆಕ್ಕಾಚಾರವೂ ಇದೆ: ಈಜುಕೊಳದ ಕಟ್ಟಡದಲ್ಲಿ ಬಿಸಿಯಾಗಿಡಬೇಕಾದ ಗಾಳಿಯ ಪ್ರಮಾಣವೇ ವಿದ್ಯುತ್ ಬಿಲ್ಲನ್ನು ಏರಿಸುವುದರಿಂದ, ಛಾವಣಿ ಕೆಳಗಿಳಿದಷ್ಟೂ ಗಾಳಿ ಕಡಿಮೆ, ಖರ್ಚೂ ಕಡಿಮೆ. ಮೇಲೆ ಸೌರಫಲಕಗಳಿವೆ, ಒಳಗಿನ ಆಸನಗಳನ್ನು ಪ್ಲಾಸ್ಟಿಕ್ ತ್ಯಾಜ್ಯದಿಂದ ತಯಾರಿಸಲಾಗಿದೆ. ಕೂಟದ ಸಮಯದಲ್ಲಿ 5,000 ಇದ್ದ ಆಸನಗಳನ್ನು ಅನಂತರ ಅರ್ಧಕ್ಕೆ ಇಳಿಸುವುದೆಂದು ಮೊದಲೇ ನಿಗದಿಯಾಗಿತ್ತು. ಒಲಿಂಪಿಕ್ಸ್‌ನ ಅತಿ ಹೆಚ್ಚು ಜನಪ್ರಿಯವಾದ ಈಜು ಸ್ಪರ್ಧೆಗಳಿಗೆ ಈ ಕೇಂದ್ರ ಸಾಲದೆಂದು ಗೊತ್ತಿದ್ದರೂ ಅದನ್ನು ದೊಡ್ಡದು ಮಾಡಲಿಲ್ಲ. ನಾಂಟೆರ್‌ನಲ್ಲಿರುವ ರಗ್ಬಿ ಕ್ರೀಡಾಂಗಣದೊಳಗೆ ತಾತ್ಕಾಲಿಕ ಕೊಳ ಕೂರಿಸಿ, ಸ್ಪರ್ಧೆ ಮುಗಿದ ಮೇಲೆ ಬಿಚ್ಚಿ ಬೇರೆಡೆಗೆ ಕಳುಹಿಸುವ ಏರ್ಪಾಡು ಮಾಡಿದರು. ಆರನೇ ತರಗತಿಗೆ ಬರುವ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಈಜು ಬಾರದ ಜಿಲ್ಲೆಯೊಂದಕ್ಕೆ ಬೇಕಾದದ್ದು ಎಷ್ಟು ದೊಡ್ಡ ಕೊಳ ಎಂಬುದನ್ನು ಮೊದಲು ಕೇಳಿ, ಒಲಿಂಪಿಕ್ಸ್‌ಗೆ ಬೇಕಾದದ್ದನ್ನು ಆಮೇಲೆ ಹೊಂದಿಸಿಕೊಂಡ ಈ ಕ್ರಮವೇ ಇಡೀ ಯೋಜನೆಯ ಅತ್ಯುತ್ತಮ ನಿರ್ಧಾರ ಎಂದು ನನಗನ್ನಿಸುತ್ತದೆ.

ವಿದ್ಯುತ್ತಿನ ವಿಷಯದಲ್ಲಿಯೂ ಹೀಗೆಯೇ. ಇಂಥ ಕೂಟಗಳಲ್ಲಿ ಕರೆಂಟು ಕೈಕೊಡಬಾರದೆಂದು ಡೀಸೆಲ್ ಜನರೇಟರ್‌ಗಳನ್ನು ಸಾಲಾಗಿ ನಿಲ್ಲಿಸುವುದು ವಾಡಿಕೆ. ಲಂಡನ್‌ನಲ್ಲಿ ಅದಕ್ಕಾಗಿ ಸುಮಾರು 40 ಲಕ್ಷ ಲೀಟರ್ ಡೀಸೆಲ್ ಉರಿಯಿತು. ಪ್ಯಾರಿಸ್‌ನಲ್ಲಿ ತಾತ್ಕಾಲಿಕ ಅಂಗಣಗಳಿಗೂ ಕೇಬಲ್ ಎಳೆದು ಸಾರ್ವಜನಿಕ ವಿದ್ಯುತ್ ಜಾಲಕ್ಕೆ ಜೋಡಿಸಿದರು. ಫ್ರಾನ್ಸ್‌ನ ವಿದ್ಯುತ್ತಿನಲ್ಲಿ ಅಣುಶಕ್ತಿಯ ಪಾಲೇ ದೊಡ್ಡದಾದ್ದರಿಂದ ಇದರ ಲಾಭ ಅಲ್ಲಿ ಹೆಚ್ಚು; ಕಲ್ಲಿದ್ದಲನ್ನು ನೆಚ್ಚಿದ ನಮ್ಮಂಥ ದೇಶದಲ್ಲಿ ಇದೇ ಉಪಾಯಕ್ಕೆ ಅಷ್ಟು ಫಲ ಸಿಗದು.

ಮುಗ್ಗರಿಸಿದ್ದು ಕ್ರೀಡಾಗ್ರಾಮದಲ್ಲಿ. ಅಲ್ಲಿನ ವಸತಿಗಳಿಗೆ ಎಸಿ ಅಳವಡಿಸದೆ, ಭೂಗರ್ಭದ ತಂಪನ್ನು ಬಳಸಿಕೊಂಡು ತಣಿಸಿದ ನೀರನ್ನು ನೆಲಹಾಸಿನ ಕೆಳಗಿನ ಕೊಳವೆಗಳಲ್ಲಿ ಹರಿಸಿ, ಹೊರಗಿಗಿಂತ ಕನಿಷ್ಠ 6 ಡಿಗ್ರಿಯಷ್ಟು ಕಡಿಮೆ ಉಷ್ಣಾಂಶವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಮಾಡಲಾಗಿತ್ತು. ತಾಂತ್ರಿಕವಾಗಿ ಇದು ಸರಿಯಾದ ವಿನ್ಯಾಸವೇ ಹೌದು. ಕಟ್ಟಡದ ದಿಕ್ಕು, ನೆರಳು, ಗೋಡೆಯ ಉಷ್ಣನಿರೋಧಕ ಪದರ ಎಲ್ಲವನ್ನೂ ಅದಕ್ಕೆ ತಕ್ಕಂತೆ ರೂಪಿಸಿದ್ದರು, ಮತ್ತು ಕೂಟದ ನಂತರ ಆ ಮನೆಗಳಲ್ಲಿ ನೆಲೆಸುವ ಸುಮಾರು 6,000 ನಿವಾಸಿಗಳಿಗೆ ಅದೇ ಸಾಕು. ಆದರೆ ನೆಲದಿಂದ ಬರುವ ತಂಪು ನಿಧಾನವಾದದ್ದು. ಹಗಲಲ್ಲಿ ಪರದೆ ಇಳಿಸಿ, ಕಿಟಕಿ ಮುಚ್ಚಿಡುವ ಶಿಸ್ತನ್ನು ಅದು ಬೇಡುತ್ತದೆ. ಗುಂಡಿ ಒತ್ತಿದ ಐದು ನಿಮಿಷಕ್ಕೆ ಕೋಣೆ ತಣ್ಣಗಾಗುವುದಿಲ್ಲ. ನಾಲ್ಕು ವರ್ಷದ ದುಡಿಮೆ ಒಂದು ರಾತ್ರಿಯ ನಿದ್ದೆಗೆಟ್ಟು ಹಾಳಾದೀತೆಂಬ ಆತಂಕದಲ್ಲಿರುವ ಕ್ರೀಡಾಪಟುವಿಗೆ ಅಂಥ ವ್ಯವಸ್ಥೆಯನ್ನು ನಂಬಿ ಮಲಗು ಎಂದು ಹೇಳುವುದು ಸುಲಭವಲ್ಲ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ತಂಡಗಳು ತಮ್ಮ ಎಸಿಗೆ ತಾವೇ ವ್ಯವಸ್ಥೆ ಮಾಡಿಕೊಂಡವು. ಕೊನೆಗೆ ಸಂಘಟಕರ ಮೂಲಕವೇ ಸುಮಾರು 2,500 ಎಸಿಗಳು ಗ್ರಾಮಕ್ಕೆ ಬಂದವು. ಆಗಸ್ಟ್ ಆರಂಭದ ಸೆಕೆಯಲ್ಲಿ ಭಾರತದ ಕ್ರೀಡಾ ಸಚಿವಾಲಯವೂ ನಮ್ಮ ಕ್ರೀಡಾಪಟುಗಳ ಕೋಣೆಗಳಿಗೆ 40 ಎಸಿ ಕಳುಹಿಸಿತು. ತಂಡಗಳನ್ನು ಇದಕ್ಕಾಗಿ ಹಳಿಯಲು ನನಗೆ ಮನಸ್ಸಿಲ್ಲ. ಬಡ ದೇಶದ ತಂಡ ಸೆಕೆಯಲ್ಲಿ, ಶ್ರೀಮಂತ ತಂಡ ತಂಪಿನಲ್ಲಿ ಮಲಗುವ ಸ್ಥಿತಿಯನ್ನು ಯೋಜಕರು ಮೊದಲೇ ಊಹಿಸಿ, ಹಿಂದಿನ ಬೇಸಿಗೆಯಲ್ಲಿಯೇ ಕೆಲವು ತಂಡದವರನ್ನು ಅಲ್ಲಿ ತಂಗಿಸಿ, ಉಷ್ಣಾಂಶದ ದಾಖಲೆಯನ್ನು ಅವರ ಕೈಗೆ ಕೊಟ್ಟಿದ್ದರೆ ಒಳ್ಳೆಯದಿತ್ತು. ಊಟದ ಮನೆಯಲ್ಲಿಯೂ ಇಂಥದ್ದೇ ನಡೆಯಿತು: ಸಸ್ಯಾಹಾರಕ್ಕೆ ಒತ್ತು ಕೊಟ್ಟ ಪಟ್ಟಿಯಲ್ಲಿ ಮೊಟ್ಟೆ, ಮಾಂಸ ಸಾಲದೆಂಬ ದೂರು ಬಂದು, ತರಾತುರಿಯಲ್ಲಿ 700 ಕಿಲೋ ಮೊಟ್ಟೆ ತರಿಸಬೇಕಾಯಿತು.

ಸೇನ್ ನದಿಯ ಕತೆ ಇನ್ನೂ ಸಂಕೀರ್ಣ. 1923ರಿಂದ ಈಜು ನಿಷೇಧವಾಗಿದ್ದ ಆ ನದಿಯನ್ನು ಶುದ್ಧಗೊಳಿಸಲು ಸುಮಾರು 140 ಕೋಟಿ ಯೂರೋ ವೆಚ್ಚವಾಯಿತು. ಪ್ಯಾರಿಸ್‌ನ ಹಳೆಯ ಒಳಚರಂಡಿಯಲ್ಲಿ ಮಳೆನೀರೂ ಕೊಳಚೆಯೂ ಒಂದೇ ಕಾಲುವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದರೆ ಕಾಲುವೆ ತುಂಬಿ, ಹೆಚ್ಚಾದದ್ದು ಸಂಸ್ಕರಣೆಯಿಲ್ಲದೆ ನದಿಗೆ ಸೇರುತ್ತದೆ. ಇದಕ್ಕೆಂದು ಆಸ್ಟರ್ಲಿಟ್ಜ್ ರೈಲು ನಿಲ್ದಾಣದ ಬಳಿ ನೆಲದಡಿಯಲ್ಲಿ ಐದು ಕೋಟಿ ಲೀಟರ್ ಹಿಡಿಯುವ ಬೃಹತ್ ತೊಟ್ಟಿಯೊಂದನ್ನು ತೋಡಿ, ಮಳೆ ನಿಂತ ಮೇಲೆ ಆ ನೀರನ್ನು ನಿಧಾನವಾಗಿ ಸಂಸ್ಕರಣಾ ಘಟಕಕ್ಕೆ ಕಳುಹಿಸುವ ವ್ಯವಸ್ಥೆ ಮಾಡಿದರು. ಅದು ಸಿದ್ಧವಾದದ್ದು 2024ರ ಮೇ ತಿಂಗಳಲ್ಲಿ. ಜುಲೈ 26ರ ಉದ್ಘಾಟನಾ ಸಮಾರಂಭವನ್ನು ನೆನೆಸಿದ ಮಳೆ ನದಿಯಲ್ಲಿ ಬ್ಯಾಕ್ಟೀರಿಯಾ ಪ್ರಮಾಣವನ್ನು ಮತ್ತೆ ಏರಿಸಿತು. ಈಜು, ಸೈಕಲ್, ಓಟ ಮೂರೂ ಸೇರಿದ, ಈಜಿನ ಭಾಗ ಇದೇ ನದಿಯಲ್ಲಿ ನಡೆಯಬೇಕಿದ್ದ ಪುರುಷರ ಟ್ರಯಥ್ಲಾನ್ ಅನ್ನು ಒಂದು ದಿನ ಮುಂದೂಡಬೇಕಾಯಿತು. ಟಿವಿಯಲ್ಲಿ ನಗೆಪಾಟಲಾದದ್ದು ಆ ಮುಂದೂಡಿಕೆ. ಆದರೆ 2025ರ ಜುಲೈನಲ್ಲಿ ನದಿಯ ಮೂರು ಕಡೆ ಸಾರ್ವಜನಿಕರಿಗೆ ಈಜಲು ಅವಕಾಶ ದೊರೆಯಿತೆಂಬುದು ಅಷ್ಟು ಸುದ್ದಿಯಾಗಲಿಲ್ಲ. ತೊಟ್ಟಿಯ ಉಪಯೋಗವನ್ನು ಎರಡು ವಾರದ ಸ್ಪರ್ಧೆಯಿಂದ ಅಳೆಯುವುದು ಸರಿಯಲ್ಲ. ನಮ್ಮಲ್ಲಿ 2024ರ ಬೇಸಿಗೆಯ ನೀರಿನ ಅಭಾವದ ನಡುವೆ ಐಪಿಎಲ್ ಬಂದಾಗ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕಬ್ಬನ್ ಪಾರ್ಕ್‌ನ ಘಟಕದಿಂದ ಸಂಸ್ಕರಿಸಿದ ನೀರು ಕೊಡಲು ಜಲಮಂಡಳಿ ಒಪ್ಪಿದ್ದು ಕೂಡ, ಅಳತೆಯಲ್ಲಿ ಬಹಳ ಚಿಕ್ಕದಾದರೂ, ಇದೇ ಬಗೆಯ ಕೆಲಸ.

ಅಂತಿಮ ಲೆಕ್ಕದಲ್ಲಿ ಪ್ಯಾರಿಸ್ ಕೂಟದ ಮೊತ್ತ 15.9 ಲಕ್ಷ ಟನ್ ಎಂದು ಸಂಘಟಕರು ಪ್ರಕಟಿಸಿದರು. ಹೋಲಿಕೆಗೆ ತೆಗೆದುಕೊಂಡ ಸರಾಸರಿಗಿಂತ ಇದು ಶೇ. 54.6ರಷ್ಟು ಕಡಿಮೆ. ಅದರಲ್ಲಿ ಸುಮಾರು ಅರ್ಧಭಾಗ ಪ್ರಯಾಣದ್ದು, ಮುಖ್ಯವಾಗಿ ವಿಮಾನಗಳದ್ದು. ಛಾವಣಿಯನ್ನು ಬಾಗಿಸಿ, ಕುರ್ಚಿಗಳನ್ನು ಎಣಿಸಿ ಉಳಿಸಿದ್ದನ್ನು ಖಂಡಾಂತರದ ವಿಮಾನಗಳು ನುಂಗಬಲ್ಲವು, ಮತ್ತು ಇದಕ್ಕೆ ಆತಿಥೇಯ ನಗರದ ಬಳಿ ಮದ್ದಿಲ್ಲ. ಗಿಡ ನೆಟ್ಟು ಸರಿದೂಗಿಸುತ್ತೇವೆ ಎಂಬ ಮಾತನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. 2022ರ ಕತಾರ್ ವಿಶ್ವಕಪ್ ಫುಟ್ಬಾಲನ್ನು ಇಂಗಾಲ ತಟಸ್ಥವೆಂದು ಪ್ರಚಾರ ಮಾಡಿದ್ದಕ್ಕೆ ಆಧಾರವಿಲ್ಲವೆಂದು ಸ್ವಿಟ್ಜರ್‌ಲೆಂಡಿನ ಜಾಹೀರಾತು ನಿಗಾ ಆಯೋಗ 2023ರಲ್ಲಿ ಫಿಫಾಗೆ ಹೇಳಿತು. ಪ್ಯಾರಿಸ್ ಕೂಡ ಮೊದಲಿಗೆ ಹವಾಮಾನಕ್ಕೆ ಉಪಕಾರ ಮಾಡುವ ಕೂಟವೆಂದು ಬೀಗಿ, ಆಮೇಲೆ ಆ ಘೋಷಣೆಯನ್ನು ಸದ್ದಿಲ್ಲದೆ ಕೈಬಿಟ್ಟಿತು.

ಈಗ ಈ ಪ್ರಶ್ನೆಗಳು ನಮ್ಮ ಬಾಗಿಲಿಗೂ ಬಂದಿವೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ದೊರೆತಿದೆ, 2036ರ ಒಲಿಂಪಿಕ್ಸ್ ಮೇಲೂ ಕಣ್ಣಿದೆ. 2010ರ ದೆಹಲಿ ಕೂಟದ ಕ್ರೀಡಾಗ್ರಾಮವನ್ನು ಯಮುನೆಯ ಪ್ರವಾಹಬಯಲಿನಲ್ಲಿ ಕಟ್ಟಿದ್ದರ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಇನ್ನೊಂದು ತುದಿಯಲ್ಲಿ 2026ರ ಗ್ಲಾಸ್ಗೋ ಕೂಟದ ಯೋಜನೆ ಇದೆ: ಹತ್ತೇ ಕ್ರೀಡೆಗಳು, ಇರುವ ನಾಲ್ಕು ಸ್ಥಳಗಳು, ಹೊಸ ಕ್ರೀಡಾಗ್ರಾಮವಿಲ್ಲ. ಪರಿಸರದ ದೃಷ್ಟಿಯಿಂದ ಇದಕ್ಕಿಂತ ಹಗುರವಾದದ್ದು ಕಷ್ಟ. ಆದರೆ ಹಾಗೆ ಕತ್ತರಿಸುವಾಗ ಹೋದದ್ದು ಹಾಕಿ, ಬ್ಯಾಡ್ಮಿಂಟನ್, ಕುಸ್ತಿ, ಶೂಟಿಂಗ್, ಎಂದರೆ ನಮಗೆ ಪದಕ ತರುವ ಆಟಗಳೇ. ಅಹಮದಾಬಾದ್ ಅವನ್ನು ಮರಳಿ ತರಲೇಬೇಕೆಂಬ ಒತ್ತಾಯ ಸಹಜ, ಅದಕ್ಕೆ ನನ್ನ ಒಪ್ಪಿಗೆಯೂ ಇದೆ. ಮರಳಿ ಬರುವ ಪ್ರತಿಯೊಂದು ಆಟಕ್ಕೂ ಒಂದು ಅಂಗಣ ಬೇಕಾಗುತ್ತದೆಯಾದ್ದರಿಂದ, ಶಂಕುಸ್ಥಾಪನೆಗೆ ಮೊದಲು ಸಂಘಟಕರು ಎರಡು ಪಟ್ಟಿಗಳನ್ನು ಪ್ರಕಟಿಸಲಿ: ಯಾವ ಆಟಕ್ಕೆ ಇರುವ ಅಂಗಣವೇ ಸಾಕು ಎಂಬುದೊಂದು, ಹೊಸದಾಗಿ ಕಟ್ಟುವ ಪ್ರತಿಯೊಂದು ಅಂಗಣವನ್ನು 2031ರಲ್ಲಿ ಯಾವ ಶಾಲೆ, ಯಾವ ಕ್ಲಬ್, ಯಾವ ಪಾಲಿಕೆ ಯಾರ ದುಡ್ಡಿನಲ್ಲಿ ನಡೆಸುತ್ತದೆ ಎಂಬುದು ಇನ್ನೊಂದು.