ತೋಟಗಾರ ಅಂದುಕೊಂಡಳು

ಯೇಸು ಸಾವಿನಿಂದ ಎದ್ದ ನೆನಪಿನ ಹಬ್ಬವಾದ ಈಸ್ಟರ್ ದಿನ ನಸುಕಿನಲ್ಲೇ ಅವ್ವನ ಜೊತೆ ಬೀದರಿನ ನಮ್ಮ ಸಮಾಧಿ ತೋಟಕ್ಕೆ ಹೋಗಿದ್ದೆ. ಅಪ್ಪನ ಸಮಾಧಿ ಮೇಲೆ ಮೇಣದ ಬತ್ತಿ ಹಚ್ಚಿದೆವು. ಗಾಳಿಗೆ ಎರಡು ಸಲ ಆರಿತು. ಮೂರನೇ ಸಲ ಅವ್ವ ಸೆರಗು ಅಡ್ಡ ಹಿಡಿದಳು.

ಪುನರುತ್ಥಾನ ಅಂದರೆ ಸತ್ತವರು ಎದ್ದು ಬರೋದು, ಅಷ್ಟೇ ಅಂತ ಚಿಕ್ಕವನಿದ್ದಾಗ ತಿಳಿದಿದ್ದೆ. ಹಾಗೆ ನೋಡಿದರೆ ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನೂ ಎದ್ದು ಬಂದಿದ್ದ. ಆದರೆ ಅವನು ಮತ್ತೆ ಸಾಯಲೇಬೇಕಿತ್ತು. ಯೇಸುವಿನದು ಸಾವನ್ನು ದಾಟಿದ ಮೈ. ಅದಕ್ಕೇ ಇರಬೇಕು, ಸಮಾಧಿ ಹತ್ತಿರ ಅವನನ್ನು ಕಂಡ ಶಿಷ್ಯೆ ಮಗ್ದಲದ ಮರಿಯಳಿಗೂ ಮೊದಲು ಗುರುತು ಸಿಗಲಿಲ್ಲ. ತೋಟಗಾರ ಅಂದುಕೊಂಡಳು. ಹೆಸರು ಹಿಡಿದು ಕರೆದಾಗಲೇ ಗೊತ್ತಾಗಿದ್ದು. ಹಾಗಂತ ಬರೀ ನೆರಳೂ ಅಲ್ಲ. ಯೇಸುವಿನ ಬದುಕು ಹೇಳುವ ಲೂಕನ ಸುವಾರ್ತೆಯಲ್ಲಿ, ಎದ್ದು ಬಂದ ಯೇಸು ಶಿಷ್ಯರ ಮುಂದೆ ಸುಟ್ಟ ಮೀನು ತಿನ್ನುತ್ತಾನೆ. ಈ ಮೀನಿನ ವಿಷಯ ನನಗೆ ಯಾಕೋ ತುಂಬಾ ಇಷ್ಟ.

ಯೇಸುವಿನ ಸಂದೇಶ ಸಾರಿದ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಸತ್ತವರು ಏಳೋದನ್ನು ಬೀಜಕ್ಕೆ ಹೋಲಿಸುತ್ತಾನೆ. ಬಿತ್ತಿದ್ದು ಕಾಳು, ಬರೋದು ಗಿಡ. ತೊಗರಿ ಬಿತ್ತುವ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ನಿತ್ಯಜೀವ ಮಾತ್ರ ಬಹಳ ದಿನ ತಲೆಗೆ ಹತ್ತಿರಲಿಲ್ಲ. ಮುಗಿಯದ ವರ್ಷಗಳು ಅಂದರೆ ಬೇಜಾರಾಗಲ್ವಾ? ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ದೇವರನ್ನು ಅರಿಯುವುದೇ ನಿತ್ಯಜೀವ ಅಂತಿದೆ. ಅಂದರೆ ಸತ್ತ ಮೇಲೆ ಶುರುವಾಗೋದಲ್ಲ, ಈಗಲೇ.

ಅವ್ವನಿಗೆ ಇದೆಲ್ಲ ಹೇಳಿದೆ. "ಬಿತ್ತಿದ ಮ್ಯಾಲೆ ದಿನಾ ಕೆದರಿ ನೋಡ್ತಾರೇನೋ? ನಡಿ, ಬಿಸಿಲು ಏರ್ತದ" ಅಂದಳು. ದಾರಿಯಲ್ಲಿ ಮಂಡಕ್ಕಿಯ ಸುಸಲಾ ತಿಂದೆವು.